ಓದುಗರ ಪ್ರಶ್ನೆ, ನಮ್ಮ ಉತ್ತರ: 1989, ಒಂದೇ ವರ್ಷದಲ್ಲಿ ಇಷ್ಟೆಲ್ಲ

ಇತ್ತೀಚಿನ ಇತಿಹಾಸದ ಯಾವುದಾದರೂ ಒಂದು ವರ್ಷ ಹಿಡಿದು ಪ್ರಶ್ನೆ ಕೇಳಿ ಅಂತ ಹೋದ ಸಲ ಹೇಳಿದ್ದೆವು. ಬಂದ ಪತ್ರಗಳಲ್ಲಿ ಜಾಸ್ತಿ 1989ರ ಬಗ್ಗೆಯೇ ಇದ್ದವು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆ ವರ್ಷಕ್ಕೇ ಮೀಸಲು. ಕೆಲವು ಉತ್ತರ ಉದ್ದ ಆಗಿವೆ, ಬೇಸರ ಮಾಡಿಕೊಳ್ಳಬೇಡಿ. ನನಗೆ ತುಂಬ ಹತ್ತಿರದ ವಿಷಯ ಇದು.

ಪ್ರಶ್ನೆ: ಸರ್, ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. 1989 ಅಂದರೆ ಬರ್ಲಿನ್ ಗೋಡೆ, ಅಷ್ಟೇ ಅಲ್ವಾ? ಇಡೀ ವರ್ಷಕ್ಕೆ ಯಾಕೆ ಇಷ್ಟೊಂದು ಮಹತ್ವ?

ಕಮ್ಯುನಿಸ್ಟ್ ಪೂರ್ವ ಜರ್ಮನಿ ತನ್ನ ಜನ ಪಶ್ಚಿಮಕ್ಕೆ ಹೋಗದ ಹಾಗೆ ಕಟ್ಟಿದ್ದ ಆ ಗೋಡೆ ತೆರೆದದ್ದು ನವೆಂಬರ್ 9ರ ರಾತ್ರಿ. ಅಷ್ಟು ಹೊತ್ತಿಗೆ ಆ ವರ್ಷ ಆಗಲೇ ಎಷ್ಟೋ ನೋಡಿಬಿಟ್ಟಿತ್ತು. ಜನವರಿ 7ಕ್ಕೆ ಜಪಾನಿನ ಚಕ್ರವರ್ತಿ ಹಿರೋಹಿಟೊ ತೀರಿಕೊಂಡರು. ಫೆಬ್ರವರಿ 15ಕ್ಕೆ ಸೋವಿಯತ್ ಸೇನೆ ಅಫ್ಘಾನಿಸ್ತಾನದಿಂದ ಪೂರ್ತಿ ಹೊರಬಿತ್ತು. ಅಲ್ಲಿ ಒಂಬತ್ತು ವರ್ಷ ಹೋರಾಡಿ ಅದು ಸುಮಾರು 15,000 ಸೈನಿಕರನ್ನು ಕಳೆದುಕೊಂಡಿತ್ತು. ಅಫ್ಘನ್ನರ ಕಡೆ ಸತ್ತವರು ಲಕ್ಷಗಟ್ಟಲೆ. ಜನರಲ್ ಬೋರಿಸ್ ಗ್ರೊಮೊವ್ ಅಮು ದರ್ಯಾ ನದಿಯ ಸೇತುವೆ ಮೇಲೆ ಕೊನೆಯವರಾಗಿ ನಡೆದುಕೊಂಡು ಬಂದರು, ಆಚೆ ದಡದಲ್ಲಿ ಅವರ ಮಗ ಹೂವು ಹಿಡಿದು ಕಾಯುತ್ತಿದ್ದ. ಜೂನ್ 4ಕ್ಕೆ ಪೋಲೆಂಡಿನಲ್ಲಿ ಚುನಾವಣೆ ನಡೆಯಿತು. ಸೆನೆಟ್‌ನ 100 ಸ್ಥಾನಗಳಲ್ಲಿ 99ನ್ನು ಸಾಲಿಡಾರಿಟಿ ಗೆದ್ದುಕೊಂಡಿತು. ಹಡಗುಕಟ್ಟೆಯ ಕೂಲಿಗಳು ಕಟ್ಟಿದ, ಸರ್ಕಾರ ಎಂಟು ವರ್ಷದ ಹಿಂದೆ ತುಳಿದು ಹಾಕಿದ್ದ ಸಂಘಟನೆ ಅದು. ಇನ್ನು ಚೆಕೊಸ್ಲೊವಾಕಿಯಾದ ನಾಟಕಕಾರ ವಾಕ್ಲಾವ್ ಹಾವೆಲ್. ಫೆಬ್ರವರಿಯಲ್ಲಿ ಅವರಿಗೆ ಜೈಲು ಶಿಕ್ಷೆ ಆಯಿತು, ಡಿಸೆಂಬರ್ 29ಕ್ಕೆ ಅದೇ ದೇಶದ ಅಧ್ಯಕ್ಷರಾದರು. ಒಂದೇ ವರ್ಷದೊಳಗೆ!

ಪರೀಕ್ಷೆಗೆ ದಿನಾಂಕ ಬೇಕು, ಬಾಯಿಪಾಠ ಮಾಡಿ. ಆದರೆ ಜೊತೆಗೆ ಒಂದು ಕೆಲಸ ಮಾಡಿ. ಆ ವರ್ಷದ ಪ್ರತಿ ಘಟನೆ ಓದುವಾಗಲೂ ಬಂದೂಕು ಯಾರ ಕೈಯಲ್ಲಿತ್ತು, ಅವನು ಏನು ಮಾಡಿದ ಅಂತ ಕೇಳಿಕೊಳ್ಳಿ. ಇಡೀ 1989 ನಿಂತಿರುವುದೇ ಈ ಪ್ರಶ್ನೆಯ ಮೇಲೆ ಅಂತ ನನಗೆ ಅನಿಸುತ್ತದೆ. ಮುಂದಿನ ಉತ್ತರಗಳಲ್ಲೂ ನಾನು ಮತ್ತೆ ಮತ್ತೆ ಅಲ್ಲಿಗೇ ಬರುತ್ತೇನೆ.

ಪ್ರಶ್ನೆ: ಬರ್ಲಿನ್ ಗೋಡೆ ಒಬ್ಬ ಅಧಿಕಾರಿ ಬಾಯಿತಪ್ಪಿ ಆಡಿದ ಮಾತಿನಿಂದ ಬಿತ್ತು ಅಂತ ಎಲ್ಲೋ ಓದಿದೆ. ನಿಜವಾ, ಸುಮ್ನೆ ಕಟ್ಟುಕಥೆಯಾ?

ಮಾತು ತಪ್ಪಿದ್ದು ನಿಜ. ಅದರಿಂದಲೇ ಗೋಡೆ ಬಿತ್ತು ಅನ್ನುವುದು ಅರ್ಧ ನಿಜ.

ನವೆಂಬರ್ 9ರ ಸಂಜೆ ಪೂರ್ವ ಜರ್ಮನಿಯ ಆಳುವ ಪಕ್ಷದ ಪರವಾಗಿ ಗುಂಟರ್ ಶಾಬೋವ್‌ಸ್ಕಿ ಪತ್ರಕರ್ತರ ಜೊತೆ ಮಾತಾಡುತ್ತಿದ್ದರು. ಹೊರದೇಶಕ್ಕೆ ಹೋಗುವ ನಿಯಮ ಸಡಿಲ ಮಾಡುತ್ತೇವೆ ಅನ್ನುವ ಒಂದು ಚೀಟಿ ಅವರ ಕೈಯಲ್ಲಿತ್ತು. ನಿಯಮ ಮಾರನೇ ದಿನದಿಂದ ಜಾರಿಗೆ ಬರಬೇಕಿತ್ತು, ಅರ್ಜಿ ಹಾಕಿ ವೀಸಾ ಪಡೆದು ಹೋಗಬೇಕಿತ್ತು. ಆದರೆ ಅದು ತೀರ್ಮಾನ ಆಗುವಾಗ ಶಾಬೋವ್‌ಸ್ಕಿ ಆ ಸಭೆಯಲ್ಲಿ ಇರಲಿಲ್ಲ. ಚೀಟಿಯನ್ನೂ ಸರಿಯಾಗಿ ಓದಿರಲಿಲ್ಲ. ಯಾವಾಗಿನಿಂದ ಅಂತ ಯಾರೋ ಕೇಳಿದರು. ಅವರು ಕಾಗದ ತಿರುಗಿಸಿ ಮುರುಗಿಸಿ ನೋಡಿ, ನನಗೆ ತಿಳಿದ ಮಟ್ಟಿಗೆ ಈಗಿನಿಂದಲೇ, ತಡವಿಲ್ಲದೆ ಅಂದುಬಿಟ್ಟರು. ಪಶ್ಚಿಮದ ಟಿವಿಗಳು ಅದನ್ನೇ ಸುದ್ದಿ ಮಾಡಿದವು. ಪೂರ್ವದವರು ಮನೆಯಲ್ಲಿ ಕೂತು ನೋಡುತ್ತಿದ್ದದ್ದೂ ಪಶ್ಚಿಮದ ಟಿವಿಯನ್ನೇ. ಕೋಟು ಹಾಕಿಕೊಂಡು ಗೋಡೆ ಕಡೆ ನಡೆದರು.

ಇಲ್ಲಿಂದ ಮುಂದಿನದು ಮುಖ್ಯ. ಬೋರ್ನ್‌ಹೋಲ್ಮರ್ ಬೀದಿಯ ಗೇಟಿನಲ್ಲಿ ಆ ರಾತ್ರಿ ಹರಾಲ್ಡ್ ಯೇಗರ್ ಅನ್ನುವ ಅಧಿಕಾರಿ ಕೆಲಸದಲ್ಲಿದ್ದರು. ಆ ಗಡಿ ಕೆಲಸದಲ್ಲಿ ಅವರಿಗೆ ದಶಕಗಳ ಅನುಭವ. ಮುಂದೆ ಸಾವಿರಾರು ಜನ, ಗೇಟು ತೆಗೆಯಿರಿ ಅಂತ ಕೂಗಾಟ. ಅವರು ಮೇಲಿನವರಿಗೆ ಫೋನು ಮಾಡಿದರು, ಮತ್ತೆ ಮಾಡಿದರು, ಮತ್ತೆ ಮಾಡಿದರು. ಯಾರಿಂದಲೂ ನೆಟ್ಟಗಿನ ಉತ್ತರ ಇಲ್ಲ. ಜಾಸ್ತಿ ಗಲಾಟೆ ಮಾಡುವವರನ್ನು ಮಾತ್ರ ಆಚೆ ಬಿಡಿ, ಪಾಸ್‌ಪೋರ್ಟಿನ ಫೋಟೊ ಮೇಲೇ ಮುದ್ರೆ ಒತ್ತಿ, ಅವರು ವಾಪಸ್ ಬರುವ ಹಾಗಿಲ್ಲ ಅಂತ ಮೇಲಿನವರು ಒಂದು ಉಪಾಯ ಹೇಳಿಕೊಟ್ಟರು. ಒತ್ತಿಸಿಕೊಂಡವರಿಗೆ ಆ ಮುದ್ರೆಯ ಅರ್ಥ ಗೊತ್ತೇ ಇರಲಿಲ್ಲ! ಸ್ವಲ್ಪ ಹೊತ್ತಿಗೆ ಹಾಗೆ ಹೋಗಿದ್ದ ಗಂಡ ಹೆಂಡತಿ ಇಬ್ಬರು ನಗುನಗುತ್ತಾ ವಾಪಸ್ ಬಂದರು. ಮಕ್ಕಳು ಮನೆಯಲ್ಲಿ ಮಲಗಿದ್ದವು. ನೀವು ಒಳಗೆ ಬರುವ ಹಾಗಿಲ್ಲ ಅಂದಾಗ ಆ ತಾಯಿ ತಂದೆಗೆ ಏನಾಗಿರಬೇಡ ಹೇಳಿ. ಯೇಗರ್ ನಿಯಮ ಬದಿಗಿಟ್ಟು ಅವರನ್ನು ಒಳಗೆ ಬಿಟ್ಟರು. ರಾತ್ರಿ ಸುಮಾರು ಹನ್ನೊಂದೂವರೆಗೆ ಗೇಟು ಪೂರ್ತಿ ತೆಗೆಸಿದರು. ಆ ಆದೇಶ ಮೇಲಿನಿಂದ ಬಂದದ್ದಲ್ಲ, ಸ್ವಂತ ತೀರ್ಮಾನ.

ಅವರ ಮತ್ತು ಅವರ ಜೊತೆಯವರ ಹತ್ತಿರ ಬಂದೂಕು ಇತ್ತು. ಅದೇ ಫೆಬ್ರವರಿಯಲ್ಲಿ, ಅಂದರೆ ಒಂಬತ್ತೇ ತಿಂಗಳ ಹಿಂದೆ, ಕ್ರಿಸ್ ಗ್ವೆಫ್ರಾಯ್ ಅನ್ನುವ 20 ವರ್ಷದ ಹುಡುಗ ಗೋಡೆ ದಾಟಲು ಹೋಗಿ ಕಾವಲುಗಾರರ ಗುಂಡಿಗೆ ಸತ್ತಿದ್ದ. 1961ರಿಂದ 28 ವರ್ಷದಲ್ಲಿ ಆ ಗೋಡೆಯ ಹತ್ತಿರ ಕನಿಷ್ಠ 140 ಜನ ಸತ್ತಿದ್ದಾರೆ. ಶಾಬೋವ್‌ಸ್ಕಿ ಬಾಯಿತಪ್ಪಿ ಜನರನ್ನು ಗೇಟಿನವರೆಗೆ ಕರೆತಂದರು ಅನ್ನಿ, ಒಪ್ಪುತ್ತೇನೆ. ಗೇಟು ತೆರೆದದ್ದು ಯೇಗರ್. ಅವರ ಹೆಸರು ಪಠ್ಯಪುಸ್ತಕದಲ್ಲಿ ಇರಬೇಕಿತ್ತು.

ಪ್ರಶ್ನೆ: ಹಂಗೆರಿಯವರು ಬೇಲಿ ಕಿತ್ತದ್ದೇ ಎಲ್ಲದಕ್ಕೂ ಶುರು ಅಂತಾರೆ. ಒಂದು ಬೇಲಿಗೆ ಅಷ್ಟು ಶಕ್ತಿ ಇರುತ್ತಾ?

ಇರುತ್ತೆ. ಹಂಗೆರಿ ಮತ್ತು ಆಸ್ಟ್ರಿಯಾ ನಡುವೆ ಇದ್ದದ್ದು ಮುಟ್ಟಿದರೆ ಕಾವಲುಗಾರರಿಗೆ ಗಂಟೆ ಹೊಡೆಯುವ ತಂತಿ ಬೇಲಿ. ಅದು ತುಕ್ಕು ಹಿಡಿದಿತ್ತು. ಮೊಲ, ಹಕ್ಕಿ ತಾಗಿದರೂ ಗಂಟೆ! ಹೊಸ ತಂತಿ ಹಾಕಬೇಕು ಅಂದರೆ ಪಶ್ಚಿಮದಿಂದ ಡಾಲರ್ ಕೊಟ್ಟು ತರಿಸಬೇಕು. ದೇಶ ಸಾಲದಲ್ಲಿ ಮುಳುಗಿತ್ತು. ಪ್ರಧಾನಿ ಮಿಕ್ಲೋಶ್ ನೇಮೆತ್ ಬಜೆಟ್ ನೋಡುವಾಗ ಬೇಲಿ ರಿಪೇರಿಯ ಹಣವನ್ನೇ ಹೊಡೆದುಹಾಕಿದರು. ಮೇ 2ಕ್ಕೆ ಕೀಳುವ ಕೆಲಸ ಶುರುವಾಯಿತು.

ಪೂರ್ವ ಜರ್ಮನಿಯವರಿಗೆ ತಮ್ಮ ಗೋಡೆ ದಾಟುವ ಹಾಗಿರಲಿಲ್ಲ, ಹಂಗೆರಿಗೆ ರಜಕ್ಕೆ ಹೋಗಬಹುದಿತ್ತು. ಆ ಬೇಸಿಗೆಯಲ್ಲಿ ಟ್ರಾಬಾಂಟ್ ಕಾರುಗಳಲ್ಲಿ ಹೊರಟವರು ವಾಪಸ್ ಹೋಗಲಿಲ್ಲ, ಅಲ್ಲೇ ಗಡಿ ಹತ್ತಿರ ಕಾದು ಕೂತರು. ಆಗಸ್ಟ್ 19ಕ್ಕೆ ಶೊಪ್ರೋನ್ ಊರಿನ ಹತ್ತಿರ ಗಡಿಯಲ್ಲೇ ಒಂದು ವನಭೋಜನ ಇಟ್ಟುಕೊಂಡರು. ಎರಡೂ ದೇಶದವರು ಸೇರಿ ಉಣ್ಣಲಿ ಅಂತ ಮೂರು ಗಂಟೆ ಮಾತ್ರ ಗೇಟು ತೆಗೆಯುವ ಏರ್ಪಾಟು. ಅಷ್ಟರಲ್ಲಿ ಪೂರ್ವ ಜರ್ಮನರ ಗುಂಪೊಂದು ಮಕ್ಕಳನ್ನು ಎತ್ತಿಕೊಂಡು ನೇರ ಗೇಟಿನ ಕಡೆ ಬಂತು. ಅಲ್ಲಿ ಆರ್ಪಾದ್ ಬೆಲ್ಲಾ ಅನ್ನುವ ಅಧಿಕಾರಿ, ಜೊತೆಗೆ ಬೆರಳೆಣಿಕೆಯ ಸಿಬ್ಬಂದಿ. ಯೋಚಿಸಲು ಸಿಕ್ಕಿದ್ದು ಕೆಲವೇ ಕ್ಷಣ. ಬೆಲ್ಲಾ ಗುಂಡು ಹಾರಿಸಲಿಲ್ಲ, ಜನರಿಗೆ ದಾರಿ ಬಿಟ್ಟರು. ಅವತ್ತು 600ಕ್ಕೂ ಜಾಸ್ತಿ ಜನ ಆಚೆ ಓಡಿದರು. ಸೆಪ್ಟೆಂಬರ್ 11ಕ್ಕೆ ಹಂಗೆರಿ ಪೂರ್ವ ಜರ್ಮನರಿಗೆ ಗಡಿಯನ್ನೇ ತೆರೆದುಬಿಟ್ಟಿತು. ಪಕ್ಕದ ದಾರಿ ತೆರೆದ ಮೇಲೆ ಬರ್ಲಿನ್ ಗೋಡೆಗೆ ಏನು ಅರ್ಥ ಉಳಿಯಿತು ಹೇಳಿ?

ಪ್ರಶ್ನೆ: ಟ್ಯಾಂಕಿನ ಮುಂದೆ ನಿಂತ ಆ ಮನುಷ್ಯನ ಫೋಟೊ ನೋಡಿದಾಗೆಲ್ಲ ಮೈ ಜುಮ್ಮೆನ್ನುತ್ತದೆ. ಚೀನಾದಲ್ಲಿ ಆದದ್ದೇನು, ಸ್ವಲ್ಪ ಬಿಡಿಸಿ ಹೇಳಿ.

ಏಪ್ರಿಲ್ 15ಕ್ಕೆ ಹು ಯಾವೊಬಾಂಗ್ ತೀರಿಕೊಂಡರು. ಸುಧಾರಣೆ ಬೇಕು ಅನ್ನುತ್ತಿದ್ದ, ಅದಕ್ಕಾಗಿಯೇ ಪಕ್ಷದ ಮುಖ್ಯಸ್ಥನ ಸ್ಥಾನ ಕಳೆದುಕೊಂಡಿದ್ದ ನಾಯಕ ಅವರು. ಅವರಿಗೆ ಗೌರವ ಕೊಡಲು ವಿದ್ಯಾರ್ಥಿಗಳು ಬೀಜಿಂಗಿನ ತಿಯನಾನ್ಮೆನ್ ಚೌಕಕ್ಕೆ ಬಂದರು, ಅಲ್ಲೇ ಉಳಿದರು. ಪತ್ರಿಕೆಗೆ ಸ್ವಾತಂತ್ರ್ಯ ಕೊಡಿ, ಭ್ರಷ್ಟಾಚಾರ ನಿಲ್ಲಿಸಿ, ನಮ್ಮ ಜೊತೆ ಕೂತು ಮಾತಾಡಿ ಅಂತ ಕೇಳಿದರು. ಉಪವಾಸ ಕೂತರು. ಬೆಲೆ ಏರಿಕೆಯಿಂದ ಬೇಸತ್ತಿದ್ದ ಕಾರ್ಮಿಕರೂ ಸೇರಿಕೊಂಡರು. ಮೇ 20ಕ್ಕೆ ಸರ್ಕಾರ ಸೇನಾ ಆಡಳಿತ ಘೋಷಿಸಿತು. ಮೊದಲು ಬಂದ ಸೈನ್ಯದ ಲಾರಿಗಳನ್ನು ಊರಿನ ಸಾಮಾನ್ಯ ಜನರೇ ಬೀದಿಯಲ್ಲಿ ಸುತ್ತುವರಿದು, ಸೈನಿಕರ ಜೊತೆ ವಾದ ಮಾಡಿ, ತಡೆದು ನಿಲ್ಲಿಸಿದ್ದರು. ಎರಡನೇ ಸಲ, ಜೂನ್ 3ರ ರಾತ್ರಿ, ಸೈನ್ಯ ಗುಂಡು ಹಾರಿಸುತ್ತಲೇ ಬಂತು. ಜಾಸ್ತಿ ಜನ ಸತ್ತದ್ದು ಚೌಕದೊಳಗಲ್ಲ, ಅಲ್ಲಿಗೆ ಹೋಗುವ ರಸ್ತೆಗಳಲ್ಲಿ, ಮುಖ್ಯವಾಗಿ ಪಶ್ಚಿಮದ ಕಡೆ. ನೂರಾರು ಅನ್ನುವ ಲೆಕ್ಕವೂ ಇದೆ, ಸಾವಿರಾರು ಅನ್ನುವ ಲೆಕ್ಕವೂ ಇದೆ. ಸತ್ತವರ ಪೂರ್ತಿ ಪಟ್ಟಿಯನ್ನು ಚೀನಾ ಸರ್ಕಾರ ಕೊಟ್ಟೇ ಇಲ್ಲ. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಒಟ್ಟಾಗಿ ಒಂದೊಂದೇ ಹೆಸರು ಹುಡುಕಿ ಸೇರಿಸುತ್ತಾ ಬಂದರು. ಅದನ್ನು ನೆನೆದರೆ ಸಂಕಟವಾಗುತ್ತದೆ.

ಆ ಫೋಟೊ ಜೂನ್ 5ರದ್ದು. ಚಾಂಗಾನ್ ರಸ್ತೆ. ಬಿಳಿ ಅಂಗಿ, ಕಪ್ಪು ಪ್ಯಾಂಟು, ಕೈಯಲ್ಲಿ ಸಾಮಾನು ತರುವ ಚೀಲ. ಮುಂದಿನ ಟ್ಯಾಂಕು ಬಲಕ್ಕೆ ಸರಿದರೆ ಅವನೂ ಬಲಕ್ಕೆ, ಎಡಕ್ಕೆ ಸರಿದರೆ ಎಡಕ್ಕೆ. ಆಮೇಲೆ ಟ್ಯಾಂಕಿನ ಮೇಲೆ ಹತ್ತಿ ಒಳಗಿದ್ದವರ ಜೊತೆ ಮಾತಾಡುತ್ತಾನೆ. ಕೊನೆಗೆ ಯಾರೋ ಬಂದು ಪಕ್ಕಕ್ಕೆ ಕರೆದೊಯ್ಯುತ್ತಾರೆ. ಅವನು ಯಾರು ಅನ್ನುವುದು ಇವತ್ತಿಗೂ ಜಗತ್ತಿಗೆ ಗೊತ್ತಾಗಿಲ್ಲ. ಈ ಸಲ ವಿಡಿಯೊ ನೋಡುವಾಗ ಟ್ಯಾಂಕನ್ನೂ ಗಮನಿಸಿ. ಅದು ನಿಂತಿತು, ಪಕ್ಕಕ್ಕೆ ಹೋಗಲು ನೋಡಿತು, ಎಂಜಿನ್ ಆಫ್ ಮಾಡಿತು. ಒಳಗೆ ಕೂತ ಚಾಲಕನೂ ಆ ಹೊತ್ತಿನಲ್ಲಿ ಒಂದು ತೀರ್ಮಾನ ಮಾಡಿದ. ಅವನ ಹೆಸರೂ ಯಾರಿಗೂ ಗೊತ್ತಿಲ್ಲ.

ಜೂನ್ 4 ಅನ್ನುವ ತಾರೀಖು ಮೇಲೆ ಪೋಲೆಂಡಿನ ಸಾಲಿನಲ್ಲೂ ಬಂತು, ಗಮನಿಸಿದಿರಾ? ಅದೇ ದಿನ. ಒಂದು ಕಡೆ ಮತಪೆಟ್ಟಿಗೆ, ಇನ್ನೊಂದು ಕಡೆ ಗುಂಡು. ಎರಡೂ ಕಡೆ ಆಳುತ್ತಿದ್ದದ್ದು ಕಮ್ಯುನಿಸ್ಟ್ ಪಕ್ಷವೇ.

ಪ್ರಶ್ನೆ: ನೆಲ್ಸನ್ ಮಂಡೇಲಾ ಬಿಡುಗಡೆ ಆದದ್ದೂ 1989ರಲ್ಲೇ ಅಲ್ವಾ? ಗೆಳೆಯನ ಜೊತೆ ಪಂದ್ಯ ಕಟ್ಟಿದ್ದೇನೆ.

ಪಂದ್ಯ ಸೋತಿರಿ. ಅವರು ಹೊರಬಂದದ್ದು 1990ರ ಫೆಬ್ರವರಿ 11ಕ್ಕೆ. ಆದರೆ ದಾರಿ ತೆರೆದದ್ದು 1989ರಲ್ಲೇ. ಆಗಸ್ಟಿನಲ್ಲಿ ದಕ್ಷಿಣ ಆಫ್ರಿಕಾದ ಅಧ್ಯಕ್ಷ ಪಿ.ಡಬ್ಲ್ಯೂ. ಬೋಥಾ ರಾಜೀನಾಮೆ ಕೊಟ್ಟು ಎಫ್.ಡಬ್ಲ್ಯೂ. ಡಿ ಕ್ಲರ್ಕ್ ಬಂದರು, ಅಕ್ಟೋಬರ್ 15ಕ್ಕೆ ಮಂಡೇಲಾ ಜೊತೆ ಜೈಲು ಸೇರಿದ್ದ ವಾಲ್ಟರ್ ಸಿಸುಲು ಮತ್ತು ಇತರರನ್ನು ಬಿಟ್ಟರು.

ಪ್ರಶ್ನೆ: ನಾನು ವಿಜ್ಞಾನದ ವಿದ್ಯಾರ್ಥಿನಿ. ಆ ವರ್ಷ ರಾಜಕೀಯ ಬಿಟ್ಟು ಬೇರೇನೂ ಆಗಲೇ ಇಲ್ವಾ?

ಆಯಿತು, ಅದೂ ಎಂಥದ್ದು! 1977ರಲ್ಲಿ ಹಾರಿಬಿಟ್ಟ ವಾಯೇಜರ್ 2 ನೌಕೆ ಹನ್ನೆರಡು ವರ್ಷ ಪ್ರಯಾಣ ಮಾಡಿ 1989ರ ಆಗಸ್ಟ್ 25ಕ್ಕೆ ನೆಪ್ಚೂನ್ ಹತ್ತಿರ ಹೋಯಿತು. ಮೋಡದ ಮೇಲಿಂದ 5,000 ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ದಾಟಿತು. ಅಲ್ಲಿಂದ ಸಂಕೇತ ಭೂಮಿಗೆ ಬರಲು ನಾಲ್ಕು ತಾಸಿಗೂ ಜಾಸ್ತಿ ಬೇಕು. ನೆಪ್ಚೂನಿನ ಆರು ಹೊಸ ಚಂದ್ರರು ಸಿಕ್ಕವು. ಟ್ರೈಟನ್ ಅನ್ನುವ ದೊಡ್ಡ ಚಂದ್ರನಲ್ಲಿ ಸೊನ್ನೆಗಿಂತ 235 ಡಿಗ್ರಿ ಕೆಳಗಿನ ಚಳಿ. ಅಂಥ ಜಾಗದಲ್ಲೂ ನೆಲದಿಂದ ಬುಗ್ಗೆಗಳು ಚಿಮ್ಮುತ್ತಿದ್ದವು! ನೆಪ್ಚೂನ್ ಹತ್ತಿರಕ್ಕೆ ಹೋದ ನೌಕೆ ಇವತ್ತಿಗೂ ಅದೊಂದೇ.

ಇನ್ನೊಂದು, ಮಾರ್ಚಿನದು. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ ಸಾವಿರಾರು ಜನ ಬಂದು ಹೋಗುತ್ತಿದ್ದರು, ಹೋದವರ ಜೊತೆ ಅವರಿಗೆ ಗೊತ್ತಿದ್ದ ಮಾಹಿತಿಯೂ ಹೋಗಿಬಿಡುತ್ತಿತ್ತು. ಅದಕ್ಕೆ ಪರಿಹಾರ ಅಂತ ಟಿಮ್ ಬರ್ನರ್ಸ್-ಲೀ ಒಂದು ಪ್ರಸ್ತಾವ ಬರೆದುಕೊಟ್ಟರು. ಬೇರೆ ಬೇರೆ ಕಂಪ್ಯೂಟರಿನ ಬರಹಗಳನ್ನು ಕೊಂಡಿ ಹಾಕಿ ಜೋಡಿಸೋಣ ಅಂತ. ಅವರ ಮೇಲಧಿಕಾರಿ ಮೈಕ್ ಸೆಂಡಲ್ ಆ ಹಾಳೆಯ ಮೇಲೆ ಪೆನ್ನಿನಲ್ಲಿ, ಅಸ್ಪಷ್ಟವಾಗಿದೆ, ಆದರೆ ಕುತೂಹಲ ಕೆರಳಿಸುತ್ತದೆ ಅನ್ನುವ ಅರ್ಥದ ಮಾತು ಗೀಚಿದರು. ವರ್ಲ್ಡ್ ವೈಡ್ ವೆಬ್ ಹುಟ್ಟಿದ್ದು ಆ ಹಾಳೆಯಿಂದ.

ಕೆಟ್ಟದ್ದೂ ಆಯಿತು. ಮಾರ್ಚ್ 24ಕ್ಕೆ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಸ್ ಹಡಗು ಬಂಡೆಗೆ ಬಡಿದು ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಸಮುದ್ರಕ್ಕೆ ಸುರಿಯಿತು. ಸಾವಿರಾರು ನೀರುನಾಯಿಗಳು, ಲಕ್ಷಗಟ್ಟಲೆ ಹಕ್ಕಿಗಳು ಸತ್ತವು. ತೈಲದ ಹಡಗಿಗೆ ಎರಡು ಪದರದ ತಳ ಇರಲೇಬೇಕು ಅಂತ ಅಮೆರಿಕ ಕಾನೂನು ಮಾಡಿದ್ದು ಇದಾದ ಮಾರನೇ ವರ್ಷ.

ಪ್ರಶ್ನೆ: ಲಕ್ಷಾಂತರ ಜನ ಕೈ ಕೈ ಹಿಡಿದು ನಿಂತ ಸಾಲು ಅಂತ ಒಂದು ಚಿತ್ರ ನೋಡಿದೆ. ಅದು ಎಲ್ಲಿಯದು?

ಆಗ ಸೋವಿಯತ್ ಒಕ್ಕೂಟದೊಳಗಿದ್ದ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ. ಆಗಸ್ಟ್ 23, ಸಂಜೆ ಏಳು. ಟಾಲಿನ್‌ನಿಂದ ರೀಗಾ ಮೂಲಕ ವಿಲ್ನಿಯಸ್‌ವರೆಗೆ 600 ಕಿಲೋಮೀಟರಿಗೂ ಉದ್ದದ ಸಾಲು. ಸುಮಾರು 20 ಲಕ್ಷ ಜನ ಸೇರಿದ್ದರು ಅನ್ನುವುದು ಅಂದಾಜು, ಮೂರೂ ದೇಶದ ಜನಸಂಖ್ಯೆ ಸೇರಿಸಿದರೇ 80 ಲಕ್ಷ! ಸರಿಯಾಗಿ 50 ವರ್ಷದ ಹಿಂದೆ, 1939ರಲ್ಲಿ, ಹಿಟ್ಲರ್ ಮತ್ತು ಸ್ಟಾಲಿನ್ ಕಡೆಯವರು ಗುಟ್ಟಾಗಿ ಪೂರ್ವ ಯುರೋಪನ್ನು ಹಂಚಿಕೊಂಡ ದಿನ ಅದು. ಅಂಥ ಗುಟ್ಟಿನ ಒಪ್ಪಂದವೇ ಇಲ್ಲ ಅಂತ ಮಾಸ್ಕೊ ದಶಕಗಳ ಕಾಲ ಸಾಧಿಸಿತ್ತು. ಆ ಸಾಲು ನಿಂತು ನಾಲ್ಕು ತಿಂಗಳಿಗೆ, ಡಿಸೆಂಬರಿನಲ್ಲಿ, ಹೌದು, ಇತ್ತು ಅಂತ ಒಪ್ಪಿಕೊಂಡಿತು.

ಪ್ರಶ್ನೆ: ಇದಕ್ಕೆಲ್ಲ ಕಾರಣ ಸೋವಿಯತ್ ನಾಯಕ ಗೋರ್ಬಚೆವ್ ಒಬ್ಬರೇ ಅಂದರೆ ತಪ್ಪಾ?

ಒಬ್ಬರೇ ಅಂದರೆ ತಪ್ಪು. ಅವರಿಲ್ಲದೆ ಆಗುತ್ತಿತ್ತು ಅಂದರೂ ತಪ್ಪು. 1956ರಲ್ಲಿ ಹಂಗೆರಿಗೆ, 1968ರಲ್ಲಿ ಚೆಕೊಸ್ಲೊವಾಕಿಯಾಕ್ಕೆ ಸೋವಿಯತ್ ಟ್ಯಾಂಕು ನುಗ್ಗಿದ್ದವು. 1989ರಲ್ಲಿ ಪೂರ್ವ ಜರ್ಮನಿಯೊಳಗೇ ಮೂರು ಲಕ್ಷಕ್ಕೂ ಮೀರಿ ಸೋವಿಯತ್ ಸೈನಿಕರಿದ್ದರು. ಅವರನ್ನು ಬ್ಯಾರಕ್ಕಿನಿಂದ ಹೊರಗೆ ತರಲಿಲ್ಲ. ಇದು ಗೋರ್ಬಚೆವ್ ಮಾಡಿದ ದೊಡ್ಡ ಕೆಲಸ, ಅದಕ್ಕೆ ನಾನು ಅವರಿಗೆ ಕೈ ಮುಗಿಯುತ್ತೇನೆ. ಆದರೆ ಅದೇ ವರ್ಷ ಏಪ್ರಿಲ್ 9ಕ್ಕೆ ಜಾರ್ಜಿಯಾದ ಟಿಬಿಲಿಸಿಯಲ್ಲಿ ಅವರದೇ ಸೈನ್ಯ ಸುಮಾರು 20 ಜನ ಪ್ರತಿಭಟನಾಕಾರರನ್ನು ಕೊಂದಿತು, ಸತ್ತವರಲ್ಲಿ ಜಾಸ್ತಿ ಹೆಂಗಸರು. ಅದನ್ನು ಬಿಟ್ಟು ಹೊಗಳಿದರೆ ಆ ಹೆಂಗಸರಿಗೆ ಅನ್ಯಾಯ ಮಾಡಿದ ಹಾಗೆ.

ಪ್ರಶ್ನೆ: ಎಲ್ಲ ಕಡೆ ಶಾಂತಿಯಿಂದ ಆದದ್ದು ರೊಮೇನಿಯಾದಲ್ಲಿ ಮಾತ್ರ ಯಾಕೆ ರಕ್ತಪಾತ ಆಯಿತು?

ಅಲ್ಲಿ ಆಳುವವರೊಳಗೆ ಮಾತುಕತೆಗೆ ಕೂರುವವರೇ ಇರಲಿಲ್ಲ. ಎಲ್ಲವೂ ನಿಕೊಲಾಯ್ ಚೌಷೆಸ್ಕು ಮತ್ತು ಅವರ ಹೆಂಡತಿ ಎಲೆನಾ ಕೈಯಲ್ಲಿತ್ತು. ಸಾಲ ತೀರಿಸಲು ಆಹಾರವನ್ನೆಲ್ಲ ರಫ್ತು ಮಾಡಿ, ಜನರನ್ನು ಚಳಿಗಾಲದಲ್ಲೂ ಬಿಸಿಯಿಲ್ಲದ ಮನೆಗಳಲ್ಲಿ ಕೂರಿಸಿದ್ದರು. ಡಿಸೆಂಬರಿನಲ್ಲಿ ತಿಮಿಷೋರ ಊರಿನ ಪಾದ್ರಿ ಲಾಸ್ಲೊ ತೊಕೆಶ್ ಅವರನ್ನು ಮನೆಯಿಂದ ಹೊರಹಾಕಲು ಹೋದಾಗ ಜನ ಅಡ್ಡ ನಿಂತರು, ಸೈನ್ಯ ಗುಂಡು ಹಾರಿಸಿತು. ಡಿಸೆಂಬರ್ 21ಕ್ಕೆ ಬುಕಾರೆಸ್ಟಿನಲ್ಲಿ ಚೌಷೆಸ್ಕು ಬಾಲ್ಕನಿಯಿಂದ ಭಾಷಣ ಮಾಡುತ್ತಿದ್ದಾಗ ಗುಂಪಿನಲ್ಲಿ ಕೂಗು ಎದ್ದಿತು. ಟಿವಿಯಲ್ಲಿ ನೇರ ಪ್ರಸಾರ. ಮಾತು ನಿಂತು, ಬಾಯಿ ಹಾಗೇ ತೆರೆದು, ಕೈ ಮೇಲೆತ್ತಿ ನಿಂತರು. 24 ವರ್ಷ ಆಳಿದವರ ಭಯ ದೇಶಕ್ಕೇ ಕಂಡುಬಿಟ್ಟಿತು. ಮಾರನೇ ದಿನ ಸೈನ್ಯ ತಿರುಗಿಬಿತ್ತು, ಅವರು ಹೆಲಿಕಾಪ್ಟರಿನಲ್ಲಿ ಓಡಿದರು. ಡಿಸೆಂಬರ್ 25ಕ್ಕೆ ಗಂಡ ಹೆಂಡತಿ ಇಬ್ಬರನ್ನೂ ಅವಸರದ ವಿಚಾರಣೆ ಮಾಡಿ ಗುಂಡಿಕ್ಕಿದರು. ಒಟ್ಟು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಜನ ಸತ್ತದ್ದು ಚೌಷೆಸ್ಕು ಓಡಿಹೋದ ಮೇಲಿನ ಗೊಂದಲದಲ್ಲಿ.

ಪ್ರಶ್ನೆ: ಪುರುಸೊತ್ತಿಲ್ಲದವನು ನಾನು. ಆ ವರ್ಷದ ಒಂದೇ ಒಂದು ದಿನದ ಬಗ್ಗೆ ಓದಬೇಕು ಅಂದರೆ ಯಾವುದು ಹೇಳ್ತೀರಿ?

ಅಕ್ಟೋಬರ್ 9, ಲೈಪ್‌ಜಿಗ್. ಗೋಡೆ ತೆರೆಯುವುದಕ್ಕೆ ಸರಿಯಾಗಿ ಒಂದು ತಿಂಗಳ ಮುಂಚೆ.

ಅಲ್ಲಿನ ನಿಕೊಲಾಯ್ ಚರ್ಚಿನಲ್ಲಿ ಪ್ರತಿ ಸೋಮವಾರ ಶಾಂತಿಗಾಗಿ ಪ್ರಾರ್ಥನೆ ನಡೆಯುತ್ತಿತ್ತು. ಮುಗಿದ ಮೇಲೆ ಜನ ಬೀದಿಗೆ ಇಳಿಯುತ್ತಿದ್ದರು. ವಾರ ವಾರಕ್ಕೂ ಜನ ಜಾಸ್ತಿಯಾದರು. ಆ ಸೋಮವಾರ ಪೊಲೀಸರು, ಸೈನಿಕರು, ಕಾರ್ಖಾನೆ ಕಾವಲು ಪಡೆಗಳು ಎಲ್ಲರೂ ಸಜ್ಜಾಗಿ ನಿಂತಿದ್ದರು. ಚೀನಾ ಮಾಡಿದ್ದು ಸರಿ ಅಂತ ಪೂರ್ವ ಜರ್ಮನಿಯ ಸಂಸತ್ತು ಜೂನಿನಲ್ಲೇ ನಿರ್ಣಯ ಮಾಡಿತ್ತು. ಹಾಗಾಗಿ ಇಲ್ಲೂ ತಿಯನಾನ್ಮೆನ್ ಆಗುತ್ತೆ ಅಂತ ಊರಿಗೆ ಊರೇ ಹೆದರಿತ್ತು. ಆಸ್ಪತ್ರೆಗಳಲ್ಲಿ ರಕ್ತ ಕೂಡಿಡುತ್ತಿದ್ದಾರೆ ಅನ್ನುವ ಮಾತು ಹಬ್ಬಿತ್ತು. ಆದರೂ ಸುಮಾರು 70,000 ಜನ ಬಂದರು. ತುಂಬ ಜನರ ಕೈಯಲ್ಲಿ ಮೇಣದ ಬತ್ತಿ. ಬತ್ತಿ ಆರದ ಹಾಗೆ ನೋಡಿಕೊಳ್ಳಲು ಎರಡೂ ಕೈ ಬೇಕು, ಕಲ್ಲು ಹಿಡಿಯಲು ಕೈ ಖಾಲಿ ಇರುವುದಿಲ್ಲ. ಊರಿನ ಆರ್ಕೆಸ್ಟ್ರಾದ ನಿರ್ದೇಶಕ ಕುರ್ಟ್ ಮಜೂರ್ ಸೇರಿ ಆರು ಜನ ಬರೆದ ಶಾಂತಿಯ ಮನವಿಯನ್ನು ಧ್ವನಿವರ್ಧಕದಲ್ಲಿ ಓದಿದರು. ಆ ಆರರಲ್ಲಿ ಮೂವರು ಪಕ್ಷದ ಪದಾಧಿಕಾರಿಗಳೇ! ಜನ, ನಾವೇ ಪ್ರಜೆಗಳು ಅಂತ ಕೂಗುತ್ತಾ ಊರ ಸುತ್ತಿನ ರಸ್ತೆಯಲ್ಲಿ ನಡೆದರು. ಗುಂಡು ಹಾರಲಿಲ್ಲ. ಅಷ್ಟೊಂದು ಜನರ ಮೇಲೆ ಕೈ ಮಾಡುವ ಧೈರ್ಯ ಯಾರಿಗೂ ಬರಲಿಲ್ಲ.

ಇದನ್ನು ನಾವು ಇವತ್ತು ನೋಡಲು ಆಗುವುದು ಇಬ್ಬರಿಂದ. ವಿದೇಶಿ ಪತ್ರಕರ್ತರನ್ನು ಆ ದಿನ ಊರೊಳಗೆ ಬಿಟ್ಟಿರಲಿಲ್ಲ. ಆರಾಮ್ ರಾಡೊಮ್‌ಸ್ಕಿ ಮತ್ತು ಸೀಗ್‌ಬರ್ಟ್ ಶೆಫ್ಕೆ ಅನ್ನುವ ಇಬ್ಬರು ಯುವಕರು ಇನ್ನೊಂದು ಚರ್ಚಿನ ಗೋಪುರ ಹತ್ತಿ, ಪಾರಿವಾಳದ ಹಿಕ್ಕೆಯಲ್ಲಿ ಮಲಗಿಕೊಂಡು, ಕೆಳಗೆ ಹೋಗುತ್ತಿದ್ದ ಜನಸಾಗರವನ್ನು ವಿಡಿಯೊ ತೆಗೆದರು. ಪಶ್ಚಿಮದ ಒಬ್ಬ ಪತ್ರಕರ್ತ ಆ ಟೇಪನ್ನು ಬಟ್ಟೆಯೊಳಗೆ ಬಚ್ಚಿಟ್ಟುಕೊಂಡು ಗಡಿ ದಾಟಿಸಿದರು. ಮಾರನೇ ದಿನವೇ ಪಶ್ಚಿಮ ಜರ್ಮನಿಯ ಟಿವಿಯಲ್ಲಿ ಬಂತು, ಪೂರ್ವದ ಮನೆಮನೆಯಲ್ಲೂ ನೋಡಿದರು. ಯಾರು ತೆಗೆದದ್ದು ಅಂತ ಹೇಳಬೇಕಲ್ಲ, ಆ ಇಬ್ಬರು ಸಿಕ್ಕಿಬೀಳಬಾರದು ಅಂತ, ಇಟಲಿಯ ಒಂದು ಕ್ಯಾಮೆರಾ ತಂಡ ಕೊಟ್ಟಿದ್ದು ಅಂದರು ಟಿವಿಯವರು.